ಹದಿನಾಲ್ಕನೇ ಕಲ್ಲು

ಥೂ, ಎಂಥ ಚಂದದ ಮೋರಿ ಕಟ್ಟಿದ್ದಾರೆ ನೋಡು, ನೀರೇ ಇಲ್ಲದ ಕಡೆ — ಬಸ್ಸಿನ ಕಿಟಕಿಯಾಚೆ ಹೊಸ ಸಿಮೆಂಟಿನ ಕಟ್ಟೆ ಸರಕ್ಕನೆ ಹಿಂದೆ ಹೋಯಿತು, ಅಡಿಯಲ್ಲಿ ಆಡೊಂದು ನೆರಳಿಗೆ ಮಲಗಿದೆ, ಹಳ್ಳವಿಲ್ಲ, ಕೊಳ್ಳವಿಲ್ಲ, ಜಟ್ಟಪ್ಪನಿಗೆ ಹಲ್ಲು ಕಡಿಯುವಷ್ಟು ಸಿಟ್ಟು, ಮೂವತ್ತಾರು ವರ್ಷ ಈ ರಸ್ತೆಯ ಗ್ಯಾಂಗಿನಲ್ಲಿ ಗುದ್ದಲಿ ಹಿಡಿದವನು, ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ, ಯಾವ ತಿರುವಿಗೆ ಯಾವ ಗುಡ್ಡದ ನೀರು ಇಳಿಯುತ್ತದೆ ಎಂದು ಕಣ್ಣು ಮುಚ್ಚಿ ಹೇಳುವವನು, ಅವನನ್ನು ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು. ಬೇಕಾದ ಮೋರಿ ಇನ್ನೂ ನಾನೂರು ಹೆಜ್ಜೆ ಮುಂದಿದೆ, ಅಜ್ಜನ ಕಾಲದ್ದು, ಅದರ ಅಂಚು ಕುಸಿದೇ ಗೆಳೆಯ ಹಯಾತನ ಟೆಂಪೊ ಮಗುಚಿದ್ದು, ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ ಈಗ, ಆ ಕಾಲಿನಲ್ಲಿ ಇಪ್ಪತ್ತು ವರ್ಷ ಕ್ಲಚ್ ತುಳಿದಿದ್ದ ಮನುಷ್ಯ. ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ನಜೀಮಾ ಅರ್ಜಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ಜಟ್ಟಪ್ಪಣ್ಣ, ಮಳೆಗಾಲದೊಳಗೆ ಆ ಮೋರಿ ರಿಪೇರಿ ಆಗ್ಬೇಕು, ಇನ್ನೊಬ್ಬರ ಮನೇಲಿ ಹೀಗೆ ಆಗೋದು ಬೇಡ, ಅಂದಿದ್ದಳು ಬಸ್ಸು ಹತ್ತುವಾಗ, ಅವನೇ ಅವಳಿಗೆ ಧೈರ್ಯ ಹೇಳಿ ಹೊರಡಿಸಿದವನು, ಬಾ ತಂಗಿ, ಯಲ್ಲಾಪುರಕ್ಕೇ ಹೋಗನ, ಆ ಇಂಜಿನಿಯರನ ನೀರು ಇಳಿಸ್ತೇನೆ.

ಇಳಿಸಲೇಬೇಕು, ಇದೇನು ನಿನ್ನೆ ಮೊನ್ನೆಯ ರಸ್ತೆಯೇ, ಬೊಂಬಾಯಿ ಸರಕಾರ ಇದ್ದಾಗ ಹತ್ತಿಯ ಗಾಡಿಗಳು ಕುಮಟೆಗೆ ಇಳಿಯುತ್ತಿದ್ದ ಕಾಲದ್ದು, ಬಿಳಗಿಯಿಂದ ಬಂದ ಅಜ್ಜ ಸುಣ್ಣಕ್ಕೆ ಬೆಲ್ಲ ಕಲಸಿ ಕಮಾನು ಕೂರಿಸಿದ, ಅಪ್ಪ ಜಲ್ಲಿ ಒಡೆದ, ಆಮೇಲೆ ಡಾಂಬರು ಬಂತು, ರಾಜ್ಯ ಹೆದ್ದಾರಿ ಅಂತ ಹೆಸರು ಬಂತು, ಮೈಲಿಗಲ್ಲುಗಳ ತಲೆಗೆ ಹಸಿರು ಬಣ್ಣ ಬಂತು, ಪ್ರತಿ ಮೇ ತಿಂಗಳಲ್ಲಿ ಗ್ಯಾಂಗು ಮೋರಿಯೊಳಗೆ ತೆವಳಿ ಹೋಗಿ ಕಸ ಎಳೆಯುತ್ತಿತ್ತು, ಹಾವು ಕಚ್ಚಿದರೂ ಎಳೆಯುತ್ತಿತ್ತು, ಈಗ ಯಾರಪ್ಪಾ ತೆವಳುತ್ತಾರೆ, ಗಾಜು ಏರಿಸಿದ ಕಾರಿನಲ್ಲಿ ಬಂದು ಫೋಟೊ ಹೊಡೆದು ಹೋಗುತ್ತಾರೆ. ಹೋದ ವಾರ ಒಬ್ಬನೇ ಹೋಗಿದ್ದಾಗ ಆ ಇಂಜಿನಿಯರ ಹುಡುಗ ಕೂರಿ ಅಂತಲೂ ಅನ್ನಲಿಲ್ಲ, ಹಳೇ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ, ನೋಡಿ ಯಜಮಾನ್ರೇ, ಹದಿನಾಲ್ಕನೇ ಕಲ್ಲಿನ ಹಿಂದೆ ಹತ್ತು ಹೆಜ್ಜೆಗೆ ಮೋರಿ ಅಂತಿದೆ, ಅಲ್ಲೇ ಹೊಸದು ಕಟ್ಟಿದ್ದೀವಿ, ನಮ್ಮ ಲೆಕ್ಕದಲ್ಲಿ ಕೆಲಸ ಮುಗಿದಿದೆ, ಕಲ್ಲು ಸುಳ್ಳು ಹೇಳುತ್ತದಾ. ಆಗ ಜಟ್ಟಪ್ಪ ಮೇಜು ಕುಟ್ಟಿ ಬೈದ, ಬಾಯಿಗೆ ಬಂದದ್ದೆಲ್ಲ ಬೈದ, ಬೈದಷ್ಟೂ ಎದೆಯೊಳಗೆ ಇನ್ನೊಂದೇನೋ ಕುಟ್ಟುತ್ತಿತ್ತು, ಅದು ಕೇಳದಿರಲಿ ಅಂತಲೇ ಅಷ್ಟು ಬೈದದ್ದು.

ಎಲ್ಲಾ ಇಳೀರಿ, ಮೋರಿ ದಾಟಿ ಆಚೆ ಹತ್ತಿ, ಕಂಡಕ್ಟರ್ ಕೂಗಿದ. ಖಾಲಿ ಬಸ್ಸು ಹಳೇ ಕಮಾನಿನ ಮೇಲೆ ಬಸುರಿಯ ಹಾಗೆ ಹೆಜ್ಜೆಹೆಜ್ಜೆಗೆ ನಿಂತು ಹೋಗುತ್ತಿದೆ, ಜನ ಬದಿಯಲ್ಲಿ ನಡೆಯುತ್ತ ಶಾಪ ಹಾಕುತ್ತಿದ್ದಾರೆ, ಯಾವ ಹಾಳಾದವ ಮಾಡಿದ್ದೋ ಇದನ್ನ, ಅಂದಳು ಮೀನುಬುಟ್ಟಿಯ ಹೆಂಗಸು, ಅವನಿಗೆ ಹುಳ ಬೀಳ್ಲಿ, ಜಟ್ಟಪ್ಪನೂ ಹೂಂ ಅಂದ, ಹೂಂ ಅಂದ ಬಾಯಿ ಕಹಿಯಾಯಿತು. ಕಲ್ಲು ಸುಳ್ಳು ಹೇಳುವುದಿಲ್ಲ ಮಾರಾಯ, ಕಲ್ಲನ್ನು ಹೊತ್ತವರು ಹೇಳುತ್ತಾರೆ — ಹಿಂದೊಂದು ವರ್ಷ ಗ್ಯಾಂಗುಗಳಿಗೆ ಹದ್ದು ಹಂಚಿದ್ದರು, ಹದಿನಾಲ್ಕನೇ ಕಲ್ಲಿನವರೆಗೆ ನಮ್ಮದು, ಆಮೇಲೆ ಯಲ್ಲಾಪುರದವರದ್ದು, ಕಲ್ಲು ಆಗ ಮೋರಿಯಿಂದ ಹತ್ತು ಹೆಜ್ಜೆ ಆಚೆಗಿತ್ತು, ಹಾಗಾಗಿ ಈ ಮೋರಿ ನಮ್ಮ ಪಾಲಿಗೇ ಬಿದ್ದಿತ್ತು, ಮಳೆಗಾಲವಿಡೀ ಸೊಂಟಮಟ್ಟದ ನೀರಿನಲ್ಲಿ ನಿಂತು ನಿಂತು ಕಾಲಬೆರಳು ಕೊಳೆತು, ಗ್ಯಾಂಗಿನ ಮುಕಾದಮ ಕೆರಿಯ ಬೀಡಿ ಎಸೆದು ಅಂದ, ಏ ಜಟ್ಟಾ, ಆ ಕಲ್ಲು ಕಿತ್ತು ಈಚೆ ನೆಡನ, ಮೋರಿ ಅವ್ರ ಪಾಲಿಗೆ ಹೋಗ್ಲಿ, ಯಾರು ಅಳೀತಾರೆ. ಎಲ್ಲರೂ ನಕ್ಕರು, ಜಟ್ಟಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ, ಹಾರೆ ಹಾಕಿ ಕಿತ್ತವನು ಅವನೇ, ಬಲ ಹೆಗಲಿಗೆ ಏರಿಸಿಕೊಂಡು ನಾನೂರು ಹೆಜ್ಜೆ ಹೊತ್ತವನೂ ಅವನೇ, ಕಲ್ಲಿನ ಬುಡದ ಕೆಂಪು ಕೆಸರು ಕುತ್ತಿಗೆಗೆ ಇಳಿಯುತ್ತಿತ್ತು. ಗಟ್ಟಿಯಾಗಿ ನೆಟ್ಟ, ಮೂರಡಿ ಆಳಕ್ಕೆ, ಇವತ್ತಿಗೂ ಒಂದು ಕೂದಲಷ್ಟು ವಾಲಿಲ್ಲ. ಕೆರಿಯ ಸತ್ತ, ಉಳಿದವರೂ ಸತ್ತರು, ಸತ್ತು ಗೆದ್ದರು ಬಡ್ಡೀಮಕ್ಕಳು, ಈ ಕಲ್ಲು ತಪ್ಪು ಅಂತ ಹೇಳಬಲ್ಲವನು ಭೂಮಿಯ ಮೇಲೆ ಇವನೊಬ್ಬನೇ, ಹೇಳದೆ ಹೋದರೆ ಪುಸ್ತಕ ಬದಲಾಗುವುದಿಲ್ಲ, ಪುಸ್ತಕ ಬದಲಾಗದೆ ಈ ಮೋರಿಗೆ ಒಂದು ಬುಟ್ಟಿ ಸಿಮೆಂಟೂ ಬೀಳುವುದಿಲ್ಲ, ಹೇಳಿದರೆ ಹಯಾತನ ಮಂಚದ ಹತ್ತಿರ ಯಾವ ಮುಖ ಹೊತ್ತು ಕೂರುವುದು, ಅವನು ನಿನ್ನೆಯೂ ಅಂದಿದ್ದನಲ್ಲ, ಭಾಯಿ, ರಸ್ತೆ ವಿಷಯದಲ್ಲಿ ನಿನ್ನ ಮಾತಂದ್ರೆ ನಂಗೆ ಕುರಾನ್ ಇದ್ದ ಹಾಗೆ.

ಬಸ್ಸು ಆಚೆ ದಡ ಮುಟ್ಟಿತು, ಜನ ಹತ್ತಿದರು, ನಜೀಮಾ ಅರ್ಜಿ ಬಿಡಿಸಿ ಬೆರಳಿಟ್ಟು ತೋರಿಸುತ್ತಾಳೆ, ಅಣ್ಣಾ, ಇಲ್ಲಿ ಜಾಗ ಬಿಟ್ಟಿದೀನಿ, ಯಾರ ತಪ್ಪು ಅಂತ ಹೆಸರು ನೀವೇ ಬರೀರಿ, ನಿಮ್ಗೆ ಎಲ್ಲಾ ಗೊತ್ತಲ್ಲ. ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದಾಳೆ. ಬೈಯಬೇಕು ಯಾರನ್ನಾದರೂ, ಇಂಜಿನಿಯರನನ್ನು, ಕೆರಿಯನನ್ನು, ಸರಕಾರವನ್ನು, ಬಾಯಿಗೆ ಒಂದು ಬೈಗುಳವೂ ಬರಲೊಲ್ಲದು. ಪೆನ್ನು ಹಿಡಿಯಬೇಕಾದ ಕೈ ಬಲ ಹೆಗಲನ್ನು ಉಜ್ಜುತ್ತಿದೆ. ಎಂತಾಯ್ತು ಅಣ್ಣಾ, ಹೆಗಲು ನೋಯ್ತದಾ, ಅವಳು ಕೇಳುತ್ತಿದ್ದಾಳೆ, ಅವನು ಉಜ್ಜುತ್ತಾನೆ, ಅಂಗಿ ಒಣಗಿಯೇ ಇದೆ, ಆದರೂ ಕೆಂಪು ಕೆಸರು, ಕಲ್ಲಿನ ಬುಡದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ, ತಣ್ಣಗೆ, ಕೆಂಪು ಕೆಸರು