ಎಡಗೈಗೆ ಬಂದ ಟಚ್‌ಪ್ಯಾಡ್

೨೦೧೩ನೆಯ ಇಸವಿ ಜುಲೈ ೯, ಮಂಗಳವಾರ. ಆ ದಿನ ಕಾರ್ಖಾನೆಯ ಒಂದು ಸಾಲಿನಿಂದ ಹೊರಬಂದವರು ನಾವು ಒಟ್ಟು ೧,೧೫೨. ತಪಾಸಣೆಯಲ್ಲಿ ಬೆರಳಿಗೆ ಓಗೊಡದೆ ಹೋದವರು ೧೭. ಉಳಿದ ೧,೧೩೫ರಲ್ಲಿ ನಾನೊಬ್ಬ. ನಾನು ಒಂದು ಟಚ್‌ಪ್ಯಾಡ್.

ಅಂಗೈಯಗಲದ ಕಪ್ಪು ಹಲಗೆ, ಅದರ ಕೆಳಗೆ ಎರಡು ಗುಂಡಿ, ಬೆನ್ನಿಗೆ ಒಂದು ತಂತಿ. ನನ್ನ ದೇಹವೆಂದರೆ ಇಷ್ಟೇ. ಮೇಜಿನ ಕಂಪ್ಯೂಟರ್ ಬೇಕು, ಮೌಸ್ ಬೇಡ ಎನ್ನುವವರಿಗಾಗಿ ನಮ್ಮನ್ನು ಮಾಡುತ್ತಾರೆ. ಮೌಸ್ ಮೇಜಿನ ಮೇಲೆ ಓಡಾಡುತ್ತದೆ. ನಾನು ಇದ್ದಲ್ಲೇ ಇರುತ್ತೇನೆ, ಬೆರಳು ಓಡಾಡುತ್ತದೆ. ಬೆರಳು ಸರಿದತ್ತ ಪರದೆಯ ಬಾಣ ಸರಿಯುತ್ತದೆ. ಒಮ್ಮೆ ಮೆಲ್ಲಗೆ ತಟ್ಟಿದರೆ ಗುಂಡಿ ಒತ್ತಿದಂತೆಯೇ ಲೆಕ್ಕ. ಈ ಕೊನೆಯ ಗುಣವನ್ನು ನನ್ನನ್ನು ಮಾಡಿದವರು ಹೆಚ್ಚುಗಾರಿಕೆಯೆಂದು ತಿಳಿದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದರು.

ಇಪ್ಪತ್ತನಾಲ್ಕು ಜನರ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನಾನು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಬಂದೆ. ಅಲ್ಲಿ ದಿನಕ್ಕೆ ಆರು ಮೌಸ್ ಮಾರಾಟವಾಗುತ್ತಿದ್ದವು. ನಮ್ಮಲ್ಲಿ ಎಂಟು ತಿಂಗಳಿಗೆ ಒಂಬತ್ತು ಜನ ಹೋದರು. ಹತ್ತನೆಯವನಾಗಿ ನಾನು ಹೋದೆ.

ನನ್ನನ್ನು ಕೊಂಡವರು ಗುರುನಾಥ ಇನಾಮದಾರ ಎಂಬ ನಿವೃತ್ತ ತಹಶೀಲ್ದಾರರು. ಕೈ ನಡುಗುತ್ತಿದ್ದುದರಿಂದ ಅವರಿಗೆ ಮೌಸ್ ಹಿಡಿಯಲಾಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಇಸ್ಪೀಟು ಆಡುವುದು ಅವರ ಸಂಜೆಯ ಕೆಲಸ. ಕಚೇರಿಯಲ್ಲಿ ರೈತರ ಹೆಬ್ಬೆಟ್ಟನ್ನು ಹಿಡಿದು ಕಾಗದಕ್ಕೆ ಒತ್ತಿಸಿದ ಅಭ್ಯಾಸವೋ ಏನೋ, ಅವರು ತಮ್ಮ ಹೆಬ್ಬೆಟ್ಟನ್ನು ನನ್ನ ಮುಖಕ್ಕೆ ಅದುಮಿ ಹಿಡಿಯುತ್ತಿದ್ದರು. ನಡುಗುವ ಬೆರಳಿನ ಒಂದೊಂದು ನಡುಕವನ್ನೂ ನಾನು ಅಪ್ಪಣೆಯೆಂದು ತಿಳಿದೆ. ಎಲೆಗಳು ಸಿಕ್ಕಸಿಕ್ಕಲ್ಲಿ ಬಿದ್ದವು. ಹತ್ತೊಂಬತ್ತನೆಯ ದಿನ ಅವರು ನನ್ನನ್ನು ಅಂಗಡಿಗೆ ತಂದಿಟ್ಟರು.

“ತಮ್ಮಾ, ಇದು ನಾ ಹೇಳಿದ್ದು ಕೇಳಂಗಿಲ್ಲ. ಒಂದ ಕಡೆ ಹೋಗಂದ್ರ ಇನ್ನೊಂದ ಕಡೆ ಓಡ್ತದ.”

“ಸಾಹೇಬ್ರ, ಇದಕ್ಕ ಹುಕುಂ ಮಾಡೋದಲ್ಲರಿ. ಮೆಲ್ಲಗ ಸವರಬೇಕು.”

“ಮೂವತ್ನಾಕು ವರ್ಷ ಹುಕುಂ ಮಾಡೀನಿ. ಈಗ ಸವರು ಅಂದ್ರ ಹೆಂಗೋ?”

ಮುದ್ರೆ ಒಡೆದ ಪೆಟ್ಟಿಗೆಯ ಸಾಮಾನೆಂದು ಅಂಗಡಿಯವನು ನನ್ನನ್ನು ಗಾಜಿನ ಕಪಾಟಿನ ಕೆಳಗಿನ ಖಾನೆಗೆ ಸೇರಿಸಿದ. ಅಲ್ಲಿ ಒಂದು ವರ್ಷ ಏಳು ತಿಂಗಳು ಕಳೆದೆ. ಆ ಅವಧಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ.

೨೦೧೬ರ ಜನವರಿಯಲ್ಲಿ ಗದಗಿನಿಂದ ಮಹಾನಂದಾ ಅಬ್ಬಿಗೇರಿ ಎಂಬ ಹೆಣ್ಣುಮಗಳು ಬಂದಳು. ವಯಸ್ಸು ನಲವತ್ತೊಂದು. ಗದಗಿನ ಒಂದು ಮುದ್ರಣಾಲಯದಲ್ಲಿ ಹದಿನೇಳು ವರ್ಷಗಳಿಂದ ಕಂಪ್ಯೂಟರಿನ ಮೇಲೆ ಪುಟ ಕಟ್ಟುತ್ತಿದ್ದಳು. ಹೆಚ್ಚಿನವು ಲಗ್ನಪತ್ರಿಕೆಗಳು. ಅವಳ ಬಲಗೈಯ ಮಣಿಕಟ್ಟಿಗೆ ಬೂದುಬಣ್ಣದ ಪಟ್ಟಿ ಬಿಗಿದಿತ್ತು. ಟೈಪು ಮಾಡಬಹುದು, ಆದರೆ ಒಂದು ವರ್ಷ ಮೌಸ್ ಹಿಡಿಯಕೂಡದು, ಹಿಡಿದರೆ ಮಣಿಕಟ್ಟು ಕೊಯ್ದು ಚಿಕಿತ್ಸೆ ಮಾಡಬೇಕಾದೀತು ಎಂದು ವೈದ್ಯರು ಹೇಳಿದ್ದರು. ಇಬ್ಬರು ಹೆಣ್ಣುಮಕ್ಕಳ ಓದು ಆ ಕೈಯ ಮೇಲೆ ನಿಂತಿತ್ತು. ಬೇರೆ ಕೆಲಸ ಅವಳಿಗೆ ಬರುತ್ತಿರಲಿಲ್ಲ.

ಅವಳು ನನ್ನನ್ನು ಕೀಲಿಮಣೆಯ ಎಡಕ್ಕೆ ಇಟ್ಟುಕೊಂಡಳು. ಮೊದಲ ದಿನ ಎಡಗೈಯಿಂದ ಕಟ್ಟಿದ ಪತ್ರಿಕೆಗಳು ಮೂರು. ಎಂಟನೆಯ ದಿನ ಏಳು. ಒಂದು ತಿಂಗಳು ತುಂಬುವಾಗ ಹನ್ನೆರಡು. ಬಲಗೈಯಿಂದ ಮಾಡುತ್ತಿದ್ದಾಗಲೂ ಅವಳ ಲೆಕ್ಕ ಹನ್ನೆರಡೇ. ಹಗುರವಾದ, ಶುಷ್ಕವಾದ, ಆತುರವಿಲ್ಲದ ಬೆರಳುಗಳು. ನನ್ನ ಮುಖದ ಮೇಲೆ ಬಂದ ಬೆರಳುಗಳಲ್ಲಿ ಅವನ್ನು ಮೀರಿದವು ಇಲ್ಲ.

ತೊಡಕು ಬಂದದ್ದು ಗಿರಾಕಿಗಳಿಂದ. ಆ ಮುದ್ರಣಾಲಯದಲ್ಲಿ ಲಗ್ನದ ಮನೆಯವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಹೆಸರುಗಳನ್ನು ಹೇಳಿ ಬರೆಸುತ್ತಾರೆ. ಶುಭಕಾರ್ಯದ ಪತ್ರಿಕೆಯನ್ನು ಎಡಗೈಯಿಂದ ಮಾಡುವುದು ಅವರ ಕಣ್ಣಿಗೆ ಬಿತ್ತು. ಒಬ್ಬಿಬ್ಬರು ಮುಖ ಸಿಂಡರಿಸಿದರು. ಒಬ್ಬಾಕೆ ಎದ್ದೇ ಹೋದಳು. ಮುದ್ರಣಾಲಯದ ಮಾಲೀಕರು ಬಸಲಿಂಗಪ್ಪ ಸಂಗನಾಳ, ಕೆಟ್ಟವರಲ್ಲ, ಆದರೆ ಲಗ್ನದ ಹಂಗಾಮು ನಾಲ್ಕೇ ತಿಂಗಳು. ಅವರು ಒಂದು ದಾರಿ ಹೇಳಿದರು.

“ಮಹಾನಂದಾ, ಗಿರಾಕಿ ಮುಂದ ಕುಂತಾಗ ದೇವರ ಹೆಸರು, ಹಿರ್ಯಾರ ಹೆಸರು ಬಲಗೈಲೆ ಹಚ್ಚು. ಉಳಿದದ್ದು ಯಾ ಕೈಲೆರೆ ಮಾಡ್ಕೊ. ಯಾರ್ ಕೇಳ್ತಾರ?”

ಆ ದಿನದಿಂದ ಅವಳು ಆ ಸಾಲುಗಳು ಬಂದಾಗಲೆಲ್ಲ ಬಲಗೈಯನ್ನು ಕೀಲಿಮಣೆಯ ಮೇಲಿಂದ ಎಡಕ್ಕೆ ಚಾಚಿ ನನ್ನನ್ನು ಮುಟ್ಟುತ್ತಿದ್ದಳು. ತೋಳು ಓರೆಯಾಗುತ್ತಿತ್ತು, ನೋವಿಗೆ ಉಸಿರು ಬಿಗಿಹಿಡಿಯುತ್ತಿದ್ದಳು. ಗಿರಾಕಿಗಳು ಸಮಾಧಾನಪಟ್ಟರು.

ಏಪ್ರಿಲ್ ತಿಂಗಳಲ್ಲಿ ಬೆಟಗೇರಿಯಿಂದ ಸಿದ್ರಾಮ ಮುಶಿಗೇರಿ ಎಂಬ ತರುಣ ತಮ್ಮನ ಲಗ್ನಪತ್ರಿಕೆಗಾಗಿ ಬಂದ. ಮೂರು ವರ್ಷಗಳ ಹಿಂದೆ ಅಕ್ಕನ ಪತ್ರಿಕೆಯೂ ಅಲ್ಲಿಯೇ ಆಗಿತ್ತು. ಒಂದೇ ಮನೆಯದಾದರೆ ಹಳೆಯ ಪತ್ರಿಕೆಯನ್ನು ತೆರೆದು ಹೆಸರು, ದಿನ, ಮುಹೂರ್ತ ಬದಲಿಸುವುದು ಆ ಕಸುಬಿನ ರೂಢಿ. ಆಮಂತ್ರಿಸುವ ಹಿರಿಯರ ಸಾಲಿನಲ್ಲಿ ಮೊದಲು ಅಜ್ಜ ಶ್ರೀ ರಾಚಪ್ಪ, ಅವರ ಕೆಳಗೆ ಅಜ್ಜಿ ಶ್ರೀಮತಿ ಸುಶೀಲವ್ವ ಇದ್ದರು.

“ಅಕ್ಕಾರ, ನಮ್ಮ ಆಯಿ ಹೋದ ಶ್ರಾವಣದಾಗ ಹೋದ್ಲರಿ. ಅಕಿ ಹೆಸರಿಗೆ ಲಿಂ. ಹಚ್ಚ್ರಿ,” ಎಂದ ಸಿದ್ರಾಮ. ಲಿಂಗೈಕ್ಯರಾದವರ ಹೆಸರಿನ ಹಿಂದೆ ಹಾಗೆ ಹಚ್ಚುವುದು ಅವರಲ್ಲಿ ಪದ್ಧತಿ. “ಹಿರ್ಯಾರ ಹೆಸರರೀ ಮತ್ತ, ಬಲಗೈ.”

“ಬಲಗೈನ ಐತಿ ನೋಡಪ್ಪಾ,” ಎಂದು ಮಹಾನಂದಾ ನಗುತ್ತ ತೋಳು ಚಾಚಿದಳು. ಸುಶೀಲವ್ವನ ಹೆಸರಿನ ಹಿಂದೆ ಸರಿಯಾಗಿ ಒತ್ತಿದಳು. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಅವಳ ಹೆಬ್ಬೆರಳ ಬುಡ ನನ್ನ ಅಂಚಿಗೆ ಒಮ್ಮೆ ಸವರಿತು. ನಾನು ಅದನ್ನು ತಟ್ಟಿದ ಬೆರಳೆಂದು ತಿಳಿದೆ. ಪರದೆಯ ಮೇಲೆ ಅಕ್ಷರ ಬೀಳುವ ಜಾಗದ ಗುರುತು ಒಂದು ಸಾಲು ಮೇಲಕ್ಕೆ ಜಿಗಿಯಿತು. ಆಕೆ ಕೀಲಿಮಣೆ ನೋಡುತ್ತ ಟೈಪು ಮಾಡಿದಳು. ಲಿಂ. ಎಂಬುದು ಬದುಕಿದ್ದ ರಾಚಪ್ಪನ ಹೆಸರಿಗೆ ಅಂಟಿತು. ಗತಿಸಿದ ಸುಶೀಲವ್ವ ಬರಿಯ ಶ್ರೀಮತಿಯಾಗಿ ಉಳಿದಳು.

ಮಹಾನಂದಾ ಕರಡು ತೆಗೆದು ಕೊಟ್ಟಳು. ಸಿದ್ರಾಮ ಮುಹೂರ್ತದ ಗಳಿಗೆಯನ್ನು ಮೂರು ಸಲ ಓದಿದ, ತಮ್ಮನ ಡಿಗ್ರಿಯನ್ನು ಎರಡು ಸಲ ಓದಿದ, ಸಹಿ ಹಾಕಿದ. ಹಿರಿಯರ ಸಾಲನ್ನು ಅವನೂ ಓದಲಿಲ್ಲ, ಅವಳೂ ಮತ್ತೆ ನೋಡಲಿಲ್ಲ. ಎಂಟುನೂರು ಪ್ರತಿಗಳು ಅಚ್ಚಾದವು.

ಮಂಗಳವಾರ ಮುಂಜಾನೆ ಸಿದ್ರಾಮ ಕಟ್ಟುಗಳನ್ನು ಹೊತ್ತು ತಿರುಗಿ ಬಂದ. ಅವನ ಕೂಗಾಟದ ವಿವರ ಬೇಡ. ಅವನು ಹೋದ ಮೇಲೆ ಬಸಲಿಂಗಪ್ಪ ಒಂದು ಪತ್ರಿಕೆಯನ್ನು ಮಹಾನಂದಾಳ ಮುಂದೆ ಇಟ್ಟರು.

“ಹದಿನೇಳು ವರ್ಷದಾಗ ಹಿಂಗ ಆಗಿರ್ಲಿಲ್ಲವ್ವ. ಈ ಎಡಗೈ ಬಲಗೈ ಆಟ ನನಗ ಮೊದ್ಲ ಸರಿ ಬರ್ಲಿಲ್ಲ. ಸೋಮವಾರದಿಂದ ಮೌಸ್ ಹಿಡಿ. ಆಗಂಗಿಲ್ಲಂದ್ರ ಬಾಯಿಬಿಟ್ಟು ಹೇಳು, ಹುಬ್ಬಳ್ಳ್ಯಾಗ ಒಬ್ಬಾಂವ ಬರಾಕ ತಯಾರದಾನ.”

“ತಪ್ಪು ನಂದ ಐತ್ರಿ ಸಾವ್ಕಾರ್ರ. ನಾನ ನೋಡಿ ಹಚ್ಚಬೇಕಿತ್ತು,” ಎಂದಳು ಮಹಾನಂದಾ.

ಅದು ಅವಳ ತಪ್ಪಾಗಿರಲಿಲ್ಲ. ನನಗೆ ಅದು ತಿಳಿದಿತ್ತು. ಹೇಳುವ ಬಾಯಿ ನನಗಿರಲಿಲ್ಲ.

ಮುಂದಿನ ಮೂರು ದಿನ ಅವಳ ಬೆರಳುಗಳು ಬೇರೆಯಾಗಿದ್ದವು. ಒಂದು ಹೆಸರು ಹಚ್ಚಿ ನಾಲ್ಕು ಸಲ ಓದುತ್ತಿದ್ದಳು. ಸರಿಯಿದ್ದ ಸಾಲನ್ನು ಅಳಿಸಿ ಮತ್ತೆ ಹಚ್ಚುತ್ತಿದ್ದಳು. ಕಟ್ಟಿದ ಪತ್ರಿಕೆಗಳು ದಿನಕ್ಕೆ ಐದು. ತನ್ನ ಕಣ್ಣಿನ ಮೇಲೆಯೇ ಅವಳಿಗೆ ನಂಬಿಕೆ ಹೋಗಿತ್ತು.

ಶುಕ್ರವಾರ ಸಿದ್ರಾಮ ಮತ್ತೆ ಬಂದ. ಈ ಸಲ ಹಿಂದೆ ಒಬ್ಬ ಮುದುಕರಿದ್ದರು. ತೆಳ್ಳಗಿನ ಮೈ, ಬಿಳಿ ಧೋತರ, ತಲೆಗೆ ಪಟಕ. ಒಳಗೆ ಬಂದವರೇ ಕೇಳಿದರು:

“ನನ್ನ ಕೊಂದಾಕಿ ಯಾರವ್ವ ಇಲ್ಲಿ?”

ಮಹಾನಂದಾ ಎದ್ದು ನಿಂತಳು. “ನಾನರಿ ಅಜ್ಜಾರ.”

“ಕುಂದ್ರು. ನಾ ಸತ್ತಿದ್ದು ಇರ್ಲಿ, ಎಂಬತ್ತೊಂದಾತು, ಇವತ್ತಿಲ್ಲ ನಾಳೆ. ಆದ್ರ ನನ್ನ ಹೇಣ್ತಿ ಮುತ್ತೈದಿಯಾಗಿ ಹೋದಾಕಿ. ಹಣಿ ತುಂಬ ಕುಂಕುಮ ಹಚ್ಚಿ ಕಳಿಸೀನಿ. ನಿಮ್ಮ ಕಾರ್ಡು ಆ ಕುಂಕುಮ ಅಳಿಸೇತಿ. ಗಂಡ ಸತ್ತು ಹೇಣ್ತಿ ಉಳದಂಗ ಬರದೀರಿ. ಅಕಿ ಬೇಡಿದ್ದು ಒಂದ ಒಂದು. ಅದನ್ನೂ ಕಸಗೊಂಡ್ರಿ.”

ಸಿದ್ರಾಮ ತಡವರಿಸಿದ: “ಅಜ್ಜಾ, ಮ್ಯಾಲ ಚೀಟಿ ಅಂಟಿಸಿ ಕೊಡ್ತಾರಂತ, ಇಲ್ಲಂದ್ರ—”

“ಹರಿದ ಸೀರಿಗೆ ತ್ಯಾಪಿ ಹಚ್ಚಿ ಮದುಮಗಳಿಗೆ ಉಡಸ್ತೀಯೇನ್ಲೇ? ಸಹಿ ಮಾಡುಮುಂದ ಕಣ್ಣು ಎಲ್ಲಿ ಇಟ್ಟಿದ್ದಿ ನೀ?”

ಎಂಟುನೂರನ್ನೂ ಹೊಸದಾಗಿ ಅಚ್ಚು ಹಾಕಿಕೊಡುತ್ತೇನೆ, ಸೋಮವಾರ ಹುಬ್ಬಳ್ಳಿಯಿಂದ ಹೊಸಬ ಬಂದು ಮಾಡುತ್ತಾನೆ ಎಂದು ಬಸಲಿಂಗಪ್ಪ ಕೈಮುಗಿದರು. ರಾಚಪ್ಪ ಒಪ್ಪಲಿಲ್ಲ.

“ಯಾಕ ಆತು ಅನ್ನೂದು ಗೊತ್ತಾಗದ ಮತ್ತ ಮಾಡಿದ್ರ ಮತ್ತ ಹಂಗ ಆಗತೈತಿ. ಐವತ್ತೆಂಟು ವರ್ಷ ಮಗ್ಗಕ್ಕ ಕುಂತಾಂವ ನಾ. ಎಳಿ ತಪ್ಪಿದ್ರ ಬೈದು ಏನ್ ಮಾಡೂದೈತಿ? ತಪ್ಪಿದ ಜಾಗಾಕ್ಕ ಹೊಳ್ಳಿ ಹೋಗಿ ನೋಡಬೇಕು. ತಂಗೀ, ಅವತ್ತ ಹೆಂಗ ಮಾಡಿದಿ, ಹಂಗ ಮಾಡಿ ತೋರ್ಸು.”

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದು ಕೂತರು. ಮಹಾನಂದಾ ಬಲಗೈ ಚಾಚಿದಳು, ಒತ್ತಿದಳು, ಕೈ ತೆಗೆದಳು. ಗುರುತು ಇದ್ದಲ್ಲೇ ಇತ್ತು. ಎರಡನೆಯ ಸಲವೂ ಹಾಗೆಯೇ. ಮೂರು, ನಾಲ್ಕು. ಅವಳು ಜಾಗ್ರತೆಯಿಂದ ಕೈ ಎತ್ತುತ್ತಿದ್ದಳು.

“ಹಿಂಗಲ್ಲ. ಅವತ್ತ ಇಷ್ಟ ಅಂಜಿ ಮಾಡಿದ್ದೇನು?”

ಐದನೆಯ ಸಲ ಅವಳು ಎಂದಿನಂತೆ ಮಾಡಿದಳು. ಹೆಬ್ಬೆರಳ ಬುಡ ನನ್ನ ಅಂಚಿಗೆ ಸವರಿತು. ನನ್ನಿಂದ ತಡೆಯಲಾಗಲಿಲ್ಲ. ತಡೆಯುವ ಮನಸ್ಸೂ ನನಗಿರಲಿಲ್ಲ.

“ತಡಿ!” ಎಂದರು ರಾಚಪ್ಪ. “ಅಲ್ಲಿ ಜಿಗೀತು ನೋಡು, ಆ ಮಿಣಕ್ ಮಿಣಕ್ ಗೀಟು. ನೀ ಮುಟ್ಟಲಿಲ್ಲ. ನಿನ್ನ ಹೆಬ್ಬೆಟ್ಟಿನ ಬುಡ ತಾಗಿತು, ಈ ಹಲಗಿ ಮಳ್ಳು, ಬೆರಳು ಅಂತ ತಿಳ್ಕೊಂತು.”

ಮಹಾನಂದಾ ಇನ್ನೊಮ್ಮೆ ಸವರಿ ನೋಡಿದಳು. ಗುರುತು ಜಿಗಿಯಿತು. ಮತ್ತೊಮ್ಮೆ ಸವರಿದಳು. ಮತ್ತೆ ಜಿಗಿಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕಂಪ್ಯೂಟರಿನ ಒಳಗೆ ನನ್ನ ಹೆಸರಿನ ಪಟ್ಟಿಯನ್ನು ತೆರೆದಳು. ತಟ್ಟಿದರೆ ಒತ್ತಿದಂತೆ ಎಂಬ ಆ ಗುಣದ ಮುಂದಿದ್ದ ಟಿಕ್ ಗುರುತನ್ನು ತೆಗೆದುಹಾಕಿದಳು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿದ್ದ ನನ್ನ ಹೆಚ್ಚುಗಾರಿಕೆ ಅಲ್ಲಿಗೆ ಮುಗಿಯಿತು. ಇನ್ನು ಗುಂಡಿ ಒತ್ತಿದರೆ ಮಾತ್ರ ನಾನು ಕೇಳಬೇಕು.

“ಈಗ ಬಲಗೈಲೆನ ಹಚ್ಚಲಿರಿ?” ಎಂದು ಕೇಳಿದಳು.

“ಕೈಗೆ ಪಟ್ಟಿ ಯಾಕ?”

“ನೋವು ಐತ್ರಿ.”

“ಹಂಗಾರ ಎಡಗೈಲೆ ಹಚ್ಚು. ತಪ್ಪು ಮಾಡಿದ್ದು ಬಲಗೈ. ಎಡಗೈ ಸುಮ್ನ ಕುಂತಿತ್ತು, ಪಾಪ.”

ಬಸಲಿಂಗಪ್ಪ ಮೆಲ್ಲಗೆ, “ಶುಭದ ಕೆಲಸರಿ ಅಜ್ಜಾರ, ಮಂದಿ ಏನಂತಾರ...” ಎಂದರು.

“ನಿಮ್ಮ ಲಗ್ನದಾಗ ನಿಮ್ಮ ಮನಿಯಾಕಿ ಉಟ್ಟ ಸೀರಿ ಎಲ್ಲಿದು?”

“ಬೆಟಗೇರಿದರಿ.”

“ಅದನ್ನ ನೇದಾಂವ ಒಂದು ಕೈಲೆ ಲಾಳಿ ಎಳದಾನ, ಒಂದು ಕೈಲೆ ಹಲಗಿ ಬಡದಾನ. ಅರ್ಧಾ ಸೀರಿ ಎಡಗೈದು. ಮನಿಗೆ ಹೋಗಿ ಹೊಳ್ಳಿ ಕೊಡ್ರಿ ಅಂತ ಹೇಳ್ರಿ ಅವರಿಗೆ.”

ಬಸಲಿಂಗಪ್ಪ ನಕ್ಕುಬಿಟ್ಟರು. ಮಹಾನಂದಾ ಎಡಗೈಯಿಂದ ಸುಶೀಲವ್ವನ ಹೆಸರಿನ ಹಿಂದೆ ಒತ್ತಿ ಲಿಂ. ಹಚ್ಚಿದಳು, ರಾಚಪ್ಪನ ಹೆಸರಿನಿಂದ ಅದನ್ನು ತೆಗೆದಳು. ರಾಚಪ್ಪ ಹೆಂಡತಿಯ ಹೆಸರಿನ ಸಾಲನ್ನು ಬೆರಳಿಟ್ಟು ಓದಿದರು. ಪರದೆಯ ಮೇಲೆ ಅವರ ಬೆರಳಿನ ಜಿಡ್ಡು ಉಳಿಯಿತು. ಅದನ್ನು ಒರೆಸಲು ಅವಳು ಆತುರಪಡಲಿಲ್ಲ. ಕರಡಿಗೆ ಈ ಸಲ ಅವರೇ ಸಹಿ ಮಾಡಿದರು.

ಅವರು ಹೊರಟ ಮೇಲೆ ಬಸಲಿಂಗಪ್ಪ ಹುಬ್ಬಳ್ಳಿಗೆ ಫೋನು ಮಾಡಿ, ಬರುವುದು ಬೇಡವೆಂದು ಹೇಳಿದರು. ಮಹಾನಂದಾಳಿಗೆ ಅವರು ಹೇಳಿದ್ದು ಒಂದೇ ಮಾತು: “ಇನ್ನ ಮ್ಯಾಲ ಯಾ ಕೈಲೆರೆ ಮಾಡವ್ವ. ಕೇಳಿದವರನ್ನ ನನ್ನ ಕಡೆ ಕಳಸು.”

ಆ ನಂತರ ನಾನು ಆರು ವರ್ಷ ಎರಡು ತಿಂಗಳು ದುಡಿದೆ. ಮಣಿಕಟ್ಟು ವಾಸಿಯಾಗಿ ಪಟ್ಟಿ ಬಿಚ್ಚಿದ ಮೇಲೂ ಅವಳು ಮೌಸ್ ಹಿಡಿಯಲಿಲ್ಲ. ನನ್ನ ಮುಖದ ನಡುಭಾಗ ಸವೆದು ಹೊಳೆಯತೊಡಗಿತು. ೨೦೨೨ರ ಜೂನ್ ತಿಂಗಳಲ್ಲಿ ಎಡಬದಿಯ ಗುಂಡಿ ಎರಡಕ್ಕೆ ಒಮ್ಮೆ ಮಾತ್ರ ಓಗೊಡುವಂತಾಯಿತು. ಅವಳು ಇನ್ನೊಂದು ಟಚ್‌ಪ್ಯಾಡ್ ತರಿಸಿ, ನನ್ನ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಿ ಮೇಜಿನ ಕೆಳಗಿನ ಖಾನೆಯಲ್ಲಿ ಇಟ್ಟಳು. ಗುಜರಿಯವನಿಗೆ ಹಾಕಲಿಲ್ಲ. ಏಕೆಂದು ಅವಳು ಹೇಳಲಿಲ್ಲ, ನಾನು ಊಹಿಸುವುದೂ ಇಲ್ಲ.

ಈಗ ಪಿನ್ನುಗಳ ಡಬ್ಬಿಯ ಪಕ್ಕದಲ್ಲಿ ಮಲಗಿದ್ದೇನೆ. ಮೇಲೆ ಹೊಸಬನ ಗುಂಡಿಯ ಸದ್ದು ಕೇಳುತ್ತದೆ. ಆರು ವರ್ಷ ಎರಡು ತಿಂಗಳ ದುಡಿಮೆಯಿಂದ ನನ್ನ ತಪ್ಪು ತೀರಿತೆಂದು ಕೆಲವರು ಹೇಳಬಹುದು. ಆ ಲೆಕ್ಕ ತಪ್ಪು. ದುಡಿಯುವುದು ನನ್ನ ಕೆಲಸವಾಗಿತ್ತು, ಕೆಲಸವನ್ನು ಸಾಲದ ಎದುರಿಗೆ ಬರೆಯಲಾಗದು. ನಿಜವನ್ನು ಹುಡುಕಿ ತೆಗೆದವರು ರಾಚಪ್ಪ, ಅದರಲ್ಲಿ ನನ್ನ ಪಾಲಿಲ್ಲ. ಮಂಗಳವಾರದಿಂದ ಶುಕ್ರವಾರದವರೆಗೆ ಒಬ್ಬ ಹೆಣ್ಣುಮಗಳು ತನ್ನ ಕಣ್ಣನ್ನು ತಾನೇ ನಂಬದೆ ಕೆಲಸ ಮಾಡಿದಳು, ನನ್ನ ತಪ್ಪನ್ನು ತನ್ನದೆಂದು ಒಪ್ಪಿಕೊಂಡಳು. ಆ ಮೂರು ದಿನ ನಾನು ಅವಳಿಗೆ ಕೊಡಬೇಕು. ಕೊಟ್ಟಿಲ್ಲ.