ಟಿಸಿಗೆ ಗಾಳಿ ಹಾಕಿದ ಕೂಲರ್

ನಾನು ಒಂದು ತಗಡಿನ ಕೂಲರ್. ಕಲಬುರಗಿಯ ಖಾಜಾಮಿಯಾ ಅವರ ಅಂಗಡಿಯಲ್ಲಿ, ಅವರ ಸುತ್ತಿಗೆಯ ಪೆಟ್ಟು ತಿಂದು ಹುಟ್ಟಿದವನು. ಮೂರು ಮಗ್ಗುಲಿಗೆ ಹುಲ್ಲು, ಹೊಟ್ಟೆಯಲ್ಲಿ ನೀರು, ಎದೆಯಲ್ಲಿ ಫ್ಯಾನು, ಮೈಗೆ ಹಸಿರು ಬಣ್ಣ. ಚೆಂದವಾಗಿದ್ದೆ ಎಂದು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳಲಿಲ್ಲ.

ಖಾಜಾಮಿಯಾ ಕೆಲಸ ಮಾಡುತ್ತಲೇ ಗೊಣಗುವ ಮನುಷ್ಯ. "ಮೊದ್ಲೆಲ್ಲ ಯುಗಾದಿ ಆದ್‌ಮ್ಯಾಲ ಕೂಲರ್ ಕೇಳ್ತಿದ್ರು. ಈಗ ಶಿವರಾತ್ರಿಗೇ ಬಂದು ನಿಂದರ್ತಾರ. ಬಿಸಲಿಗಿ ತಿಥಿ ವಾರ ಏನೂ ಉಳದಿಲ್ಲ," ಎನ್ನುತ್ತಿದ್ದರು. ವ್ಯಾಪಾರ ಹೆಚ್ಚಾದದ್ದಕ್ಕೆ ಖುಷಿ ಪಡಬೇಕಾದವರು ಯಾಕೆ ಗೊಣಗುತ್ತಾರೆ ಎಂದು ಆಗ ನನಗೆ ತಿಳಿಯುತ್ತಿರಲಿಲ್ಲ.

ನನ್ನನ್ನು ಮೊದಲು ಕೊಂಡವರು ಒಬ್ಬ ವಕೀಲರು. ಆರು ಬೇಸಿಗೆ ಅವರ ಪಡಸಾಲೆಯಲ್ಲಿ ದುಡಿದೆ. ಏಳನೆಯ ಬೇಸಿಗೆಗೆ ಗೋಡೆಯ ಮೇಲೆ ಬಿಳಿಯ ಏಸಿ ಬಂದು ಕುಳಿತಿತು, ನಾನು ಮಾಳಿಗೆ ಹತ್ತಿದೆ. ಆ ಮನೆಗೆ ಖಡಕ್ ರೊಟ್ಟಿ ತಂದುಕೊಡುತ್ತಿದ್ದ ಗುಂಡಮ್ಮನಿಗೆ ವಕೀಲರ ಹೆಂಡತಿ ನನ್ನನ್ನು ತೋರಿಸಿ, "ಬೇಕಂದ್ರ ಒಯ್ಯವ್ವ," ಎಂದರು. ಗುಂಡಮ್ಮ ಹಗ್ಗ ಬಿಗಿದು ಟಂಟಂ ಗಾಡಿಯ ಮೇಲೆ ನನ್ನನ್ನು ಊರಿಗೆ ಕರೆದೊಯ್ದಳು.

ಅವಳದು ಕಾಗಿಣಾ ನದಿಯ ದಂಡೆಯ ಕಲ್ಲಿನ ಊರು. ಅಲ್ಲಿ ನೆಲ, ಗೋಡೆ, ಮಾಳಿಗೆ ಎಲ್ಲವೂ ಕಲ್ಲು. ಹಗಲೆಲ್ಲ ಕಾದ ಕಲ್ಲು ಸಂಜೆಯಾದರೂ ಆರುವುದಿಲ್ಲ. ಗುಂಡಮ್ಮನ ಗಂಡ ಸಾಯಬಣ್ಣ ಮೂವತ್ತು ವರ್ಷ ಖಣಿಯಲ್ಲಿ ಕಲ್ಲು ಸೀಳಿದವನು. ಆ ಧೂಳೆಲ್ಲ ಅವನ ಪುಪ್ಪುಸದಲ್ಲಿ ಮನೆ ಮಾಡಿತ್ತು. ಅವನ ಮಂಚದ ತಲೆಯ ಕಡೆ ಆಕ್ಸಿಜನ್ ಮಷಿನ್ ಒಂದಿತ್ತು. ದಿನಕ್ಕೆ ಹದಿನಾರು ತಾಸು ಅದರ ನಳಿಗೆ ಅವನ ಮೂಗಿನಲ್ಲಿರಬೇಕು ಎಂದು ಡಾಕ್ಟರ್ ಹೇಳಿದ್ದರು. ನನ್ನನ್ನು ಕಾಲಿನ ಕಡೆ ನಿಲ್ಲಿಸಿದರು. ಅದು ಉಸಿರು ಕೊಡುವುದು, ನಾನು ತಂಪು ಕೊಡುವುದು. ಇಬ್ಬರೂ ಗುರುಗುಟ್ಟುತ್ತ ಹೊಂದಿಕೊಂಡೆವು.

ಇಬ್ಬರ ಅನ್ನವೂ ಕರೆಂಟು. ಅದು ಬರುತ್ತಿದ್ದುದು ಊರ ಮುಂದಿನ ಕಟ್ಟೆಯ ಮೇಲೆ ಕುಳಿತ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ. ಹಿಂದಿನ ಬೇಸಿಗೆಯಲ್ಲಿ ಅದು ಸುಟ್ಟು, ಇನ್ನೊಂದು ಬರಲು ಒಂಬತ್ತು ದಿನ ಹಿಡಿದಿತ್ತು. ಆ ಒಂಬತ್ತು ದಿನ ಸಾಯಬಣ್ಣ ಆಸ್ಪತ್ರೆಯಲ್ಲಿದ್ದ. ಉಳಿದದ್ದೇ ಹೆಚ್ಚು.

ನಾನು ಬಂದ ವರ್ಷ ಬಿಸಿಲು ಇನ್ನೂ ಜೋರಾಗಿತ್ತು. ಮನೆಮನೆಗೂ ಕೂಲರ್ ಬಂದಿದ್ದವು. ಲೈನ್‌ಮನ್ ಮಶಾಕ್‌ಸಾಬ ಒಂದು ಮಧ್ಯಾಹ್ನ ನೀರು ಕೇಳಿ ಬಂದವನು ಹೊಸ್ತಿಲಲ್ಲೇ ಕುಳಿತ.

"ಟಿಸಿ ಎಣ್ಣಿ ಕುದಿಲತ್ತದಕ್ಕ. ದೊಡ್ಡ ಟಿಸಿ ಕೇಳೀವಿ, ಮಳಿಗಾಲಕ್ಕ ಬರ್ತದಂತ. ಅಲ್ಲಿತನ ಇದು ಉಳಿಯೋದು ನಂಗ್ಯಾಕೋ ಅನುಮಾನ."

ಗುಂಡಮ್ಮ ಗಂಡನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ತಂಪು ಗಾಳಿ ಬಡದ್ರ ಅದು ಆರ್ತದೇನ್ ತಮ್ಮಾ?"

"ಆರ್ತದ. ಪ್ಯಾಟ್ಯಾಗ ದೊಡ್ಡ ಟಿಸಿಗಿ ಕೂಲರ್ ಹಚ್ಚಿದ್ದು ನೋಡೀನಿ."

"ಒಯ್ಯಿ," ಎಂದ ಸಾಯಬಣ್ಣ ಮಂಚದಿಂದಲೇ. "ನಂಗ ಹಸಿ ಟುವಾಲ್ ಸಾಕು."

ಮರುದಿನವೇ ನಾನು ಟಿಸಿಯ ಬೇಲಿಯ ಹೊರಗೆ, ಮಶಾಕ್‌ಸಾಬ ಗೆರೆ ಎಳೆದು ತೋರಿಸಿದ ಜಾಗದಲ್ಲಿ ನಿಂತೆ. ಮನುಷ್ಯರಿಗೆ ಗಾಳಿ ಹಾಕಿದವನು ಯಂತ್ರಕ್ಕೆ ಗಾಳಿ ಹಾಕಬೇಕಾಗಿ ಬಂದದ್ದಕ್ಕೆ ಸ್ವಲ್ಪ ಮುಖ ಸಣ್ಣದಾಯಿತು. ಆದರೂ ಜೋರಾಗಿಯೇ ಬೀಸಿದೆ. ಎರಡು ಗಂಟೆಗೆ ಟಿಸಿಯ ಫ್ಯೂಜು ಹಾರಿತು. ಹಾರಿದ ಕೂಡಲೇ ನಾನೂ ನಿಂತೆ.

ಮಶಾಕ್‌ಸಾಬ ತಲೆ ಕೆರೆದುಕೊಂಡ. "ಅಕ್ಕ, ಇದೂ ಅದೇ ಟಿಸಿದೇ ಕರೆಂಟ್ ತಿಂತದ. ಅದು ಬಂದ್ ಆದ್ರ ಇದೂ ಬಂದ್. ನಮ್ಮಿಬ್ಬರಿಗೂ ಹೊಳಿಲಿಲ್ ನೋಡು." ನೆರೆದವರೆಲ್ಲ ನಕ್ಕರು. ಗುಂಡಮ್ಮ ನಗಲಿಲ್ಲ. ಫ್ಯೂಜು ಹಾಕುವ ತನಕ ಗಂಡನಿಗೆ ಉಸಿರು ಕೊಡುವವರು ಯಾರು ಎಂಬುದೊಂದೇ ಅವಳ ತಲೆಯಲ್ಲಿತ್ತು.

ಟಿಸಿ ಕಾದ ಮೇಲೆ ಆರಿಸುವುದಲ್ಲ, ಕಾಯದಂತೆ ನೋಡಿಕೊಳ್ಳಬೇಕು ಎಂದು ಅವಳು ಮನೆಮನೆಗೆ ಹೋಗಿ ಹೇಳಿದಳು. ಅಂದಿನಿಂದ ಹನ್ನೆರಡರಿಂದ ನಾಲ್ಕರವರೆಗೆ ಊರಿನ ಕೂಲರ್, ಪಂಪು, ಗಿರಣಿ ಎಲ್ಲ ಬಂದ್, ಸಾಯಬಣ್ಣನ ಮಷಿನ್ನೂ ನಾನೂ ಮಾತ್ರ ಚಾಲೂ. ಮನೆಗೊಬ್ಬರಂತೆ ಹೆಂಗಸರು ಕೊಡ ನೀರು ತಂದು ನನ್ನ ಹೊಟ್ಟೆ ತುಂಬಿಸಿದರು. ಕುಡಿಯುವ ನೀರಿಗೇ ಎಳೆದಾಡುವ ದಿನಗಳವು. ಅಷ್ಟು ಬೆಲೆಯ ನೀರು ಕುಡಿದ ಕೂಲರ್ ಜಿಲ್ಲೆಯಲ್ಲಿ ಬೇರೊಂದಿರಲಾರದು. ಫ್ಯೂಜು ಮತ್ತೆ ಹಾರಲಿಲ್ಲ. ನಾನು ಬೀಗಿದೆ.

ಬೀಗಿದ್ದು ನಾಲ್ಕೇ ದಿನ. ಐದನೆಯ ದಿನ ಗುಂಡಮ್ಮ ನೀರು ಸುರಿಯುತ್ತ ಮಶಾಕ್‌ಸಾಬನ ಎದುರು ಅತ್ತುಬಿಟ್ಟಳು. ಹಿಂದಿನ ಮಧ್ಯಾಹ್ನ ಅವಳು ಯಾಕೋ ಬೇಗ ಮನೆಗೆ ಹೋಗಿದ್ದಳು. ನಳಿಗೆ ಗಂಡನ ಮೂಗಿನಲ್ಲಿತ್ತು, ಮಷಿನ್ ಮಾತ್ರ ಸುಮ್ಮನಿತ್ತು. ಅವನ ಉಗುರು ನೀಲಿಗಟ್ಟಿದ್ದವು. ದಿನಾ ಅವಳು ನನ್ನನ್ನು ನೋಡಿಕೊಳ್ಳಲು ಹೊರಟ ಮೇಲೆ ಆರಿಸಿ, ಬರುವ ಹೊತ್ತಿಗೆ ಹಾಕುತ್ತಿದ್ದನಂತೆ. ಅಂದು ಅವಳ ಸಪ್ಪಳ ಕೇಳಿದರೂ ಎದ್ದು ಹಾಕಲು ಕೈಲಾಗಿರಲಿಲ್ಲ.

"ಯಾಕ್ ಹಿಂಗ ಮಾಡಿದ್ರಿ ಅಂತ ಕೇಳಿದ್ರ ಏನಂತಾರ ಗೊತ್ತದೇನ್? ಮುಕದ್ದಮ ಕೈ ಎತ್ತಿದ್ರ ಖಣ್ಯಾಗ ಎಲ್ಲಾರ ಸುತ್ತಿಗಿನೂ ನಿಂದರ್ಬೇಕು, ಒಬ್ಬಾಂವ ಬಡಕೋತ ಕುಂದ್ರಬಾರ್ದು. ಊರೆಲ್ಲ ಬಂದ್ ಮಾಡ್ಯಾರ, ನಾ ಒಬ್ಬಾಂವ ಹ್ಯಾಂಗ ಚಾಲೂ ಇಡ್ಲಿ ಅಂತ."

"ಅಯ್ಯ, ಅವರಿಗಾಗೇ ಅಲ್ಲೇನಕ್ಕ ಊರು ಬಂದ್ ಮಾಡಿದ್ದು."

"ಅದನ್ನ ಯಾರ್ ಹೇಳ್ಬೇಕು ಅವರಿಗಿ. ನಾ ಹೇಳಿದ್ರ ಕೇಳವಲ್ಲರು."

ಯಾರಿಗಾಗಿ ಬೀಸುತ್ತಿದ್ದೆನೋ ಆ ಮನುಷ್ಯ ಉಸಿರು ಬಿಗಿಹಿಡಿದು ಮಲಗಿದ್ದ.

ಅಂದು ಹನ್ನೆರಡಕ್ಕೆ, ಮಶಾಕ್‌ಸಾಬನಿಂದ ಸುದ್ದಿ ಕೇಳಿದ ಖಣಿಯ ಹಳೆಯ ಮುಕದ್ದಮ ಕಲ್ಲಪ್ಪ ಮುತ್ಯಾ ಕೋಲೂರಿಕೊಂಡು ನನ್ನ ಮುಂದೆಯೇ ಹಾದು ಗುಂಡಮ್ಮನ ಮನೆಗೆ ಹೋದ. ಅವನ ಕೈ ಕೆಳಗೇ ಸಾಯಬಣ್ಣ ದುಡಿದದ್ದು. ಮುತ್ಯಾ ಮಷಿನ್ನಿನ ಬಟನ್ ತಾನೇ ಒತ್ತಿ, "ನಾ ಕೈ ಎತ್ತಿಲ್ಲ ಇನ್ನ. ನಿನ್ನ ಪಾಳಿ ನಡದದ, ಉಸಿರು ತಗೋ," ಎಂದನಂತೆ. ಮುಕದ್ದಮನ ಮಾತಿಗೆ ಸಾಯಬಣ್ಣ ಎದುರಾಡುವವನಲ್ಲ. ಮುತ್ಯಾ ನಾಲ್ಕರವರೆಗೆ ಅಲ್ಲೇ ಕುಳಿತ. ಮರುದಿನ ಇನ್ನಿಬ್ಬರು ಹಳೆಯ ಜೊತೆಗಾರರು ಬಂದರು. ಹೇಗೂ ಅವರ ಮನೆಗಳಲ್ಲೂ ಗಾಳಿ ಇರಲಿಲ್ಲ. ಸೆಕೆಯಲ್ಲಿ ಬೇಯುತ್ತ ಖಣಿಯ ಸುದ್ದಿ ಹೇಳಿಕೊಂಡು ನಗುವುದು ಟಿಸಿಯ ತನಕ ಕೇಳುತ್ತಿತ್ತು.

ಜೂನಿನಲ್ಲಿ ಮಳೆ ಬಂತು, ಹಿಂದೆಯೇ ದೊಡ್ಡ ಟಿಸಿಯೂ ಬಂತು. ಗುಂಡಮ್ಮ ನನ್ನನ್ನು ಮನೆಗೆ ತಂದಳು. ಮಂಚದ ಕಾಲಿನ ಕಡೆ ನಾನು ನಿಲ್ಲುತ್ತಿದ್ದ ಜಾಗದಲ್ಲಿ ಜಮಖಾನೆ ಹಾಸಿ ಮುತ್ಯಾ ಮತ್ತು ಹಳೆಯ ಜೊತೆಗಾರರು ಕುಳಿತಿದ್ದರು. ಏಳುವ ಲಕ್ಷಣ ಕಾಣಲಿಲ್ಲ. ನನ್ನನ್ನು ಹಿತ್ತಲಿನ ಮೂಲೆಗೆ ಸರಿಸಿದರು.

ಈಗ ನನ್ನ ತಳ ತುಕ್ಕು ಹಿಡಿದಿದೆ, ನೀರು ನಿಲ್ಲುವುದಿಲ್ಲ. ಹೊಟ್ಟೆಯಲ್ಲಿ ಒಂದು ಕೋಳಿ ಮೊಟ್ಟೆ ಇಡುತ್ತದೆ. ತೃಪ್ತಿಯಿಂದಿದ್ದೇನೆ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಖಾಜಾಮಿಯಾ ಗೊಣಗುತ್ತಿದ್ದುದು ಯಾಕೆಂದು ಈಗ ತಿಳಿದಿದೆ, ನನಗೂ ಹೆದರಿಕೆಯಿದೆ. ದೊಡ್ಡ ಟಿಸಿಯೂ ಒಂದು ದಿನ ಸಾಲದೆ ಹೋಗಬಹುದು. ಆದರೆ ಎಲ್ಲರೂ ಬಂದ್ ಮಾಡುವಾಗ ಯಾರದು ಬಂದ್ ಆಗಬಾರದು ಎಂಬುದು ಈ ಊರಿಗೆ ಗೊತ್ತಿದೆ. ಕಿಟಕಿಯಾಚೆ ಆ ಮಷಿನ್ ಗುರುಗುಟ್ಟುತ್ತಲೇ ಇದೆ.