ಸಂಜೆಯ ಹಾದಿಗೆ ಕಾದದ್ದು

ಪೆಸಿಫಿಕ್ ಸಾಗರದ ನಡುವಿನ ನಮ್ಮ ನಾರ್ಫೋಕ್ ದ್ವೀಪದ ಫೋನ್ ಪುಸ್ತಕದಲ್ಲಿ ಅಡ್ಡಹೆಸರುಗಳೂ ಅಚ್ಚಾಗುತ್ತವೆ. ಎಲ್ವಿನ್ ನಾಬ್ಸ್ ಎಂದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. 'ಮೋಡ' ಎನ್ನಬೇಕು. ಆ ಹೆಸರಿಟ್ಟವಳು ಅವನ ಸ್ವಂತ ಅಕ್ಕ ಗರ್ಲಿ. ಮನೆಯ ಹಿಂದಿನ ಶೆಡ್ಡಿನಲ್ಲಿ ರೇಡಿಯೋ ಇಟ್ಟುಕೊಂಡು, ಮೇಲೆ ಹಾದುಹೋಗುವ ಹವಾಮಾನದ ಉಪಗ್ರಹದಿಂದ ಮೋಡಗಳ ಚಿತ್ರ ಹಿಡಿಯುವುದು ಅವನ ಹುಚ್ಚು.

ಆ ಉಪಗ್ರಹ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿತ್ತು. ಸೂರ್ಯನ ಜೊತೆ ಮಾತಾಡಿಕೊಂಡಂತೆ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತಿತ್ತು: ಬೆಳಗಿನ ಚಹಾದ ಹೊತ್ತಿಗೊಮ್ಮೆ, ಸಂಜೆ ಕೋಳಿಗಳು ಮರ ಹತ್ತುವ ಹೊತ್ತಿಗೊಮ್ಮೆ. ಕೆಲವು ದಿನ ನೆತ್ತಿಯ ಮೇಲೆ, ಕೆಲವು ದಿನ ದೂರದ ಅಂಚಿನಲ್ಲಿ. ಅದು ಬಂದಾಗ ರೇಡಿಯೋ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಿತ್ತು. ಪರದೆಯ ಮೇಲೆ ಚಿತ್ರ ಗೆರೆಗೆರೆಯಾಗಿ, ಹೆಣೆದ ಸ್ವೆಟರಿನ ಹಾಗೆ ಇಳಿಯುತ್ತಿತ್ತು. ಎಲ್ವಿನ್ ಅದನ್ನು ಅಚ್ಚು ತೆಗೆದು, ಪ್ಲಾಸ್ಟಿಕ್ ಹೊದಿಸಿ, ದೋಣಿಗಳು ಬಂದುಹೋಗುವ ಕ್ಯಾಸ್ಕೇಡ್ ಧಕ್ಕೆಯ ಸೂಚನಾ ಹಲಗೆಗೆ ಚುಚ್ಚಿ ಬರುತ್ತಿದ್ದ. ದೋಣಿಯವರು ಈಗೆಲ್ಲ ಹವಾಮಾನವನ್ನು ಫೋನಿನಲ್ಲೇ ನೋಡುತ್ತಾರೆ. ಆದರೂ ಒಬ್ಬರೂ ಹಲಗೆಯ ಮುಂದೆ ನಿಲ್ಲದೆ ಹೋಗುತ್ತಿರಲಿಲ್ಲ. ಅವನು ನೋಡುತ್ತಿದ್ದಾನೆಂದು ಗೊತ್ತಿದ್ದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು.

ಗರ್ಲಿ ಮಾತ್ರ ಬೇಲಿಯಾಚೆಯ ಮನೆಯಲ್ಲೇ ಇದ್ದರೂ ಆ ಶೆಡ್ಡಿಗೆ ಒಮ್ಮೆಯೂ ಕಾಲಿಟ್ಟವಳಲ್ಲ. ವಿಮಾನ ಹತ್ತಿದವಳೂ ಅಲ್ಲ. ಹುಟ್ಟಿದ ದ್ವೀಪವನ್ನು ಮೇಲಿನಿಂದ ನೋಡಿಯೇ ಇಲ್ಲದ ಹೆಂಗಸು ನಮ್ಮಲ್ಲಿ ಅವಳೊಬ್ಬಳೇ ಇರಬೇಕು. "ಕರೀದೇ ಇದ್ದ ಮನೆಗೆ ನಾನ್ಯಾಕೆ ಹೋಗ್ಲಿ?" ಎಂದು ನನ್ನ ಹತ್ತಿರ ಅನ್ನುತ್ತಿದ್ದಳು. ಎಲ್ವಿನ್ ಕೂಡ ನನ್ನ ಹತ್ತಿರವೇ ಅನ್ನುತ್ತಿದ್ದ, "ಅವಳಿಗೆ ಬೇಕಿದ್ರೆ ಕೇಳ್ತಿದ್ಲು ಬಿಡಿ, ಟೀಚರ್." ಇಬ್ಬರ ಮಾತನ್ನೂ ಇಬ್ಬರಿಗೂ ಮುಟ್ಟಿಸಿದ್ದೆ. ಅದರಿಂದೇನೂ ಆಗಲಿಲ್ಲ.

ಆಮೇಲೆ ಸುದ್ದಿ ಬಂತು: ಉಪಗ್ರಹಕ್ಕೆ ವಯಸ್ಸಾಗಿದೆ, ಶನಿವಾರ ಅದರ ಬಾಯಿ ಮುಚ್ಚಿಸುತ್ತಾರೆ. ಹೊಸ ಉಪಗ್ರಹಗಳು ಆಡುವ ಭಾಷೆ ಎಲ್ವಿನ್‌ನ ಪೆಟ್ಟಿಗೆಗೆ ತಿಳಿಯುವುದಿಲ್ಲ. ಅವನು ಅಂಗಡಿಯಲ್ಲಿ ಬ್ರೆಡ್ ತೆಗೆದುಕೊಳ್ಳುತ್ತಾ ಇದನ್ನು ಹೇಳಿದ ರೀತಿ ನೋಡಿ ಯಾರೂ ತಮಾಷೆ ಮಾಡಲಿಲ್ಲ.

ಗುರುವಾರ ಬೆಳಿಗ್ಗೆ ಗರ್ಲಿ ನನ್ನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ, ಬಾಳೆಹಣ್ಣು ಅರೆದು ಒಲೆಯಲ್ಲಿ ಬೇಯಿಸಿದ ನಮ್ಮ ದ್ವೀಪದ ಪಿಲ್ಹಿ, ಇನ್ನೂ ಬಿಸಿ. ಒಳ್ಳೆಯ ಸ್ಕರ್ಟು ಉಟ್ಟಿದ್ದಳು.

"ಬಾ ಟೀಚರ್, ಆ ಮೋಡದ ಮನೆಗೆ. ಒಬ್ಳೇ ಹೋದ್ರೆ ಅವನು ಉಬ್ಬಿ ಒಡೆದೇ ಹೋಗ್ತಾನೆ."

ನಮ್ಮನ್ನು ನೋಡಿ ಎಲ್ವಿನ್ ಕುರ್ಚಿಯ ಮೇಲಿದ್ದ ತಂತಿಗಳನ್ನೆಲ್ಲ ಬಾಚಿ ನೆಲಕ್ಕೆ ಹಾಕಿದ. ಕುರ್ಚಿಯನ್ನು ತೋಳಿನಿಂದಲೇ ಒರೆಸಿದ.

"ಏನಕ್ಕಾ, ದಾರಿ ತಪ್ಪಿತಾ?"

"ನಿನ್ನ ಗೊಂಬೆ ಸಾಯ್ತಾ ಇದೆಯಂತಲ್ಲ, ನೋಡ್ಕೊಂಡು ಹೋಗೋಣ ಅಂತ ಬಂದೆ. ಅದರಲ್ಲಿ ನಮ್ಮ ದ್ವೀಪ ಕಾಣುತ್ತಾ?"

"ಮೋಡ ಇಲ್ಲದಿದ್ರೆ ಕಾಣುತ್ತೆ. ಸಾಸಿವೆ ಕಾಳಿನಷ್ಟು."

"ಅಷ್ಟೇನಾ! ಇಷ್ಟು ವರ್ಷ ಒಂದು ಸಾಸಿವೆಗೋಸ್ಕರ ಕೂತಿದ್ಯಾ? ಸರಿ, ಹಾಕು ನೋಡೋಣ."

ಅವನು ಗೋಡೆಯ ಗಡಿಯಾರ ನೋಡಿದ. ಉಪಗ್ರಹ ಬರುವ ಹೊತ್ತಾಗಿತ್ತು. ಕೈ ರೇಡಿಯೋದ ಕಡೆ ಹೋಗಿ, ಹಿಂದೆ ಬಂತು.

"ಈಗಿಂದು ಬೇಡ ಅಕ್ಕಾ. ಇವತ್ತು ಬೆಳಗಿನ ಹಾದಿ ಪೂರ್ವದ ಅಂಚಲ್ಲಿದೆ. ಚಿತ್ರ ಅರ್ಧಕ್ಕರ್ಧ ಕೆಟ್ಟಿರುತ್ತೆ, ದ್ವೀಪ ಕಾಣೋದೇ ಇಲ್ಲ. ಸಂಜೆಯದು ನೆತ್ತಿ ಮೇಲೆ ಬರುತ್ತೆ. ಕನ್ನಡಿ ಹಾಗಿರುತ್ತೆ. ಸಂಜೆ ಬಾ."

"ಪೂರ್ವದಲ್ಲಿ ಯಾಕೆ ಕೆಡುತ್ತೆ?"

ಅವನು ನೆಲದ ಮೇಲಿನ ತಂತಿಯೊಂದನ್ನು ಎತ್ತಿ ಸುತ್ತತೊಡಗಿದ. ನಾನೇ ಕಿಟಕಿಯಾಚೆ ನೋಡಿದೆ. ಪೂರ್ವಕ್ಕೆ, ಗರ್ಲಿಯ ಜಾಗದಲ್ಲಿ, ಅವರಪ್ಪ ನೆಟ್ಟ ಪೈನ್ ಮರಗಳು ಸಾಲಾಗಿ ಆಕಾಶವನ್ನು ಮುಚ್ಚಿ ನಿಂತಿದ್ದವು. ಗರ್ಲಿಯೂ ನನ್ನ ನೋಟದ ಹಿಂದೆಯೇ ನೋಡಿದಳು.

"ಆ ಮರಗಳಾ? ಒಂದು ಮಾತು ಹೇಳಿದ್ರೆ ಕಡಿಸಿಬಿಡ್ತಿದ್ದೆನಲ್ಲೋ!"

"ಅದಕ್ಕೇ ಹೇಳ್ಲಿಲ್ಲ," ಎಂದ ಎಲ್ವಿನ್.

ಗರ್ಲಿ ಪಿಲ್ಹಿಯ ಮೇಲಿನ ಬಟ್ಟೆ ತೆಗೆದು ಅವನಿಗೆ ಮೂಲೆಯ ತುಂಡು ಕೊಟ್ಟಳು. ಅಂಚು ಗರಿಗರಿಯಾಗಿರುವ ಆ ತುಂಡೇ ಚಿಕ್ಕಂದಿನಿಂದ ಅವನಿಗೆ ಇಷ್ಟ ಎಂದು ಅಂದು ನನಗೆ ಗೊತ್ತಾಯಿತು. ನಾವು ತಿಂದೆವು, ನಕ್ಕೆವು. ಅವರಪ್ಪ ಕುದುರೆಯಿಂದ ಬಿದ್ದ ಕತೆಯನ್ನು ಇಬ್ಬರೂ ಬೇರೆಬೇರೆ ರೀತಿ ಹೇಳಿ ಜಗಳವಾಡಿದರು. ರೇಡಿಯೋ ಹಾಕಲೇ ಇಲ್ಲ. ಆ ಹೊತ್ತಿಗೆ ಉಪಗ್ರಹ ಮರಗಳಾಚೆ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಾ ದಕ್ಷಿಣಕ್ಕೆ ದಾಟಿಹೋಗಿರಬೇಕು.

ಸಂಜೆ ಆಕಾಶದಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ. ಎಲ್ವಿನ್ ಶೆಡ್ಡು ಗುಡಿಸಿದ್ದ, ಗಡ್ಡ ಹೆರೆದಿದ್ದ. ಗರ್ಲಿ ಕನ್ನಡಕ ಒರೆಸಿಕೊಂಡು ಪರದೆಯ ಮುಂದೆಯೇ ಕುಳಿತಳು.

ಹೊತ್ತಾಯಿತು. ರೇಡಿಯೋ ಸುಮ್ಮನೆ ಹುಯ್ಯೆನ್ನುತ್ತಿತ್ತು. ಅವನು ಗುಂಡಿ ತಿರುಗಿಸಿದ. ಹೊರಗೆ ಓಡಿ ಆಂಟೆನಾ ಅಲ್ಲಾಡಿಸಿ ಬಂದ. ಒಂದೊಂದು ತಂತಿಯನ್ನೂ ಕಿತ್ತು ಮತ್ತೆ ಚುಚ್ಚಿದ. ಪರದೆಯ ಮೇಲೆ ಬರೀ ಬೂದು ಮರಳು ಸುರಿಯುತ್ತಿತ್ತು.

"ಇದೇನಾ?" ಎಂದಳು ಗರ್ಲಿ, ಮೆಲ್ಲಗೆ.

"ಅಲ್ಲ ಅಕ್ಕಾ. ಇರು. ಬರುತ್ತೆ."

ಕತ್ತಲಾಗುವವರೆಗೂ ಅವನು ಹಾಗೆಯೇ ಅನ್ನುತ್ತಿದ್ದ. ಗರ್ಲಿ ಏಳಲಿಲ್ಲ. ಅವನೇ ಕೈಚೆಲ್ಲಿ ಗುಂಡಿ ಆರಿಸುವ ತನಕ, ಏನೋ ಕಾಣುತ್ತಿರುವಂತೆ ಆ ಬೂದು ಪರದೆಯನ್ನೇ ನೋಡುತ್ತಿದ್ದಳು.

ಮರುದಿನ ತಿಳಿಯಿತು. ಉಪಗ್ರಹದೊಳಗಿನ ಹಳೆಯ ಬ್ಯಾಟರಿ ಕೈಕೊಡುವಂತೆ ಕಂಡದ್ದರಿಂದ, ಶನಿವಾರದವರೆಗೆ ಕಾಯುವುದು ಅಪಾಯವೆಂದು ನಡೆಸುವವರು ಗುರುವಾರ ನಮ್ಮ ಮಧ್ಯಾಹ್ನದ ಹೊತ್ತಿಗೇ ಅದನ್ನು ಮುಚ್ಚಿದ್ದರು. ನಾವು ಪಿಲ್ಹಿ ತಿನ್ನುತ್ತಿದ್ದಾಗ ಬಂದದ್ದೇ ಕೊನೆಯದು.

ಭಾನುವಾರ ಗರ್ಲಿಯನ್ನು ಸಮಾಧಾನ ಮಾಡೋಣವೆಂದು ನಾನೇ ಇಬ್ಬರನ್ನೂ ಚಹಾಕ್ಕೆ ಕರೆದೆ. ನನ್ನ ಫೋನಿನಲ್ಲಿ ಬೇರೊಂದು ಉಪಗ್ರಹ ತೆಗೆದ ಚಿತ್ರ ಹುಡುಕಿ ಇಟ್ಟಿದ್ದೆ. ನಮ್ಮ ದ್ವೀಪ ಅಂಗೈಯಗಲ, ರಸ್ತೆಗಳು, ಧಕ್ಕೆ, ಅವರಪ್ಪನ ಮರಗಳ ಸಾಲು ಕೂಡ. ಫೋನನ್ನು ಅವಳ ಕೈಗಿತ್ತೆ.

ಗರ್ಲಿ ಮರ್ಯಾದೆಗೆಂಬಂತೆ ನೋಡಿದಳು. ಬೆರಳಿಂದ ಒಮ್ಮೆ ಸರಿಸಿದಳು. ಫೋನನ್ನು ಮೇಜಿನ ಮೇಲೆ ಇಟ್ಟು ನನ್ನ ಕಡೆಗೆ ತಳ್ಳಿದಳು.

"ಚೆನ್ನಾಗಿದೆ ಟೀಚರ್. ಆದ್ರೆ ಇದನ್ನ ಯಾರು ಬೇಕಾದ್ರೂ ನೋಡಬಹುದಲ್ಲ. ನಂಗೆ ಇವನು ಹಿಡಿದದ್ದು ನೋಡ್ಬೇಕಿತ್ತು. ಕೆಟ್ಟಿದ್ರೂ ಆಗ್ತಿತ್ತು."

ಎಲ್ವಿನ್ ಕಪ್ಪುಗಳನ್ನು ತೊಳೆದುಬಿಡುತ್ತೇನೆಂದು ಎದ್ದ. ಮೂರರಲ್ಲೂ ಚಹಾ ಇನ್ನೂ ಹಾಗೆಯೇ ಇತ್ತು. ಅವನು ಎತ್ತಿಕೊಂಡು ಒಳಗೆ ಹೋಗುವಾಗ ನಾವಿಬ್ಬರೂ ಅದನ್ನು ಹೇಳಲಿಲ್ಲ.